ಏಳನೇ ತಾಕಿನ ಕೀಟ

(ಚಿರ್ಚಿಕ್ ನದಿಯ ಬಯಲು, ತಾಷ್ಕೆಂಟಿನ ಹತ್ತಿರ. ಯುಗಾಯ್ ಪುನ್‌ನ್ಯೋ ಹೇಳಿದ್ದು.)

ಕೂತುಕೊಳ್ಳಿ, ಗ್ಲೆಬ್ ಸವೇಲ್ಯೆವಿಚ್.
ಚಹಾ ಕುದಿಯುವ ತನಕ ಒಂದು ಮಾತು,
ಮೂವತ್ತೊಂದು ವರ್ಷ ಹಲ್ಲಿನ ಹಿಂದೆ ಇಟ್ಟುಕೊಂಡದ್ದು.

ನೀವು ಬಂದ ದಿನ ನೆನಪಿದೆ. ಕುದುರೆಗಾಡಿಯಲ್ಲಿ
ಬೀಜದ ಮೂಟೆ ಒಂದು, ಖಾಲಿ ಗೋಣಿ ಒಂದು.
ಗೋಣಿಯನ್ನು ಕೊಡವಿ ಎತ್ತಿ ಹಿಡಿದು ಅಂದಿರಿ:
"ಇದು ಬಂಗಾಳದ ಸೆಣಬು. ಚಿನ್ನ ಕೊಟ್ಟು ತರಿಸುತ್ತಿದ್ದೆವು.
ಯುದ್ಧ ಬಂತು, ಹಡಗು ನಿಂತಿತು.
ಹತ್ತಿಗೆ ಚೀಲವಿಲ್ಲ, ಗೋಧಿಗೆ ಚೀಲವಿಲ್ಲ.
ಇನ್ನು ನಮ್ಮ ಗೋಣಿ ನಮ್ಮ ಹೊಲದಲ್ಲೇ ಬೆಳೆಯಬೇಕು."

ನಮ್ಮ ಹೊಲ, ಅಂದಿರಿ.
ನಾವು ಮುಖ ಮುಖ ನೋಡಿಕೊಂಡೆವು.
ದನದ ಡಬ್ಬಿಯಿಂದ ಜೊಂಡಿನ ನಡುವೆ ನಮ್ಮನ್ನು ಸುರಿದು
ಆಗಿನ್ನೂ ಐದನೇ ಬೇಸಿಗೆ.
ಕಡಲ ದಂಡೆಯ ಮಂದಿ; ಇಲ್ಲಿ ಉಪ್ಪು
ನೀರಲ್ಲಿರಲಿಲ್ಲ, ಮಣ್ಣಲ್ಲಿತ್ತು.

ಬಿತ್ತಿದೆವು. ನೀವು ಕೆನಾಫ್ ಅಂದಿರಿ,
ಆಚೆ ಮನೆಯ ಹಮ್ರೋಬೀಬಿ ಕನೋಪ್ ಅಂದಳು.
ಯಾರು ಏನೇ ಕರೆಯಲಿ, ಪುಂಡಿ ದಿನಕ್ಕೆ ನಾಲ್ಕು ಬೆರಳು ಎದ್ದಿತು,
ಆಳು ಮುಳುಗಿತು, ಕುದುರೆ ಮುಳುಗಿತು.
ಹಳದಿ ಹೂವು, ಒಡಲಲ್ಲಿ ಕಡುಗೆಂಪು, ಒಂದೇ ಬೆಳಗಿನದು.
ನೀವು ಅದನ್ನು ನೋಡಲೂ ಬಿಡಲಿಲ್ಲ:
"ಹೂವು ಬಂತು! ಕೊಯ್ಯಿರಿ! ತಡವಾದರೆ ನಾರು ಒರಟು!"

ಹೂವಿನ ಜೊತೆ ನಾರೂ ಸ್ವರ್ಗ ಸೇರುತ್ತದಂತೆ.
ನಮ್ಮ ಹೊಂಡದಲ್ಲಿ ಹೂವು ಕೊಳೆತಿತು.
ನಾರು ಉಳಿಯಿತು, ಸೇರಿದ್ದು
ಗೋದಾಮು.

ಅಕ್ಟೋಬರ್. ಸೊಂಟದವರೆಗೆ ನೀರು.
ಸತ್ತ ಹೆಗ್ಗಣದಂಥ, ಹುಳಿತ ಬೆಣ್ಣೆಯಂಥ ನಾತ.
ಬೂದಿಯಲ್ಲಿ ಉಜ್ಜಿದೆ, ಮರಳಲ್ಲಿ ಉಜ್ಜಿದೆ,
ಹಮ್ರೋಬೀಬಿ ಕೊಟ್ಟ ಮೊಸರಲ್ಲೂ.
ನಾನು ಬರುವುದು ಬೀದಿ ತಿರುವಿಗೇ ನಾಯಿಗೆ ಗೊತ್ತಾಗುತ್ತಿತ್ತು.
ಒಂದು ಸಂಜೆ ನಿಮ್ಮ ಆ ಬಂಗಾಳದ ಗೋಣಿಯೊಳಗೆ
ಸುಮ್ಮನೆ ಮೂಗಿಟ್ಟೆ.
ಅದೇ ನಾತ, ತೆಳ್ಳಗೆ.
ಅಲ್ಲೂ ಒಬ್ಬಳು ಸೊಂಟದ ನೀರಲ್ಲಿ ನಿಂತಿದ್ದಳು.
ಅವಳ ಕೆಲಸ ಕಿತ್ತು ನನಗೆ ಕೊಟ್ಟಿರೋ,
ಅವಳ ಚಳಿ ಕಿತ್ತು ನನಗೆ ಕೊಟ್ಟಿರೋ,
ಇವತ್ತಿಗೂ ತೀರ್ಮಾನವಾಗಿಲ್ಲ.

ಇರಲಿ. ಹೇಳಬೇಕಾದದ್ದು ಏಳನೇ ತಾಕಿನದು.

ಉಳಿದ ತಾಕುಗಳಲ್ಲಿ ದಂಟು ಬಿದಿರಿನಂತೆ ನೆಟ್ಟಗೆ.
ಏಳರಲ್ಲಿ ಮಾತ್ರ ಮೊಣಕಾಲೆತ್ತರಕ್ಕೇ ಕವಲು.
ಕವಲೊಡೆದ ದಂಟಿನ ನಾರು ಗಿಡ್ಡ, ಗಂಟು ಗಂಟು.
ಭೂತಗನ್ನಡಿ ಹಿಡಿದು ಮೂರು ದಿನ ಕುಕ್ಕರಗಾಲಲ್ಲಿ ಕೂತಿರಿ,
ಶೀಷೆಯಲ್ಲಿ ಮಣ್ಣು ತುಂಬಿ ಪಟ್ಟಣಕ್ಕೆ ಕಳಿಸಿದಿರಿ,
ಕೊನೆಗೆ ವಹಿಯಲ್ಲಿ ಬರೆದಿರಿ:
"ಕುಡಿ ಕತ್ತರಿಸುವ ಕೀಟ. ಜಾತಿ ತಿಳಿಯದು.
ರಾತ್ರಿ ಸಂಚಾರಿ ಇರಬಹುದು."

ರಾತ್ರಿಯೇ. ಅದನ್ನು ಸರಿಯಾಗಿ ಬರೆದಿರಿ.

ಆ ಕೀಟ ನಾನು.

ಟ್ರೋಫಿಮ್‌ಗೆ ಆಗ ಮೂರು ವರ್ಷ, ಹೊಟ್ಟೆ ತಂಬೂರಿ, ಕಾಲು ಕಡ್ಡಿ.
ಕುಡಿ ಚಿವುಟಿ, ಬೇಯಿಸಿ, ಒಣಮೆಣಸು ಅರೆದು ಕಲಸಿದೆ.
ಹುಳಿಗೆ ಅವನು ಕಣ್ಣು ಮುಚ್ಚಿದ. ಆಮೇಲೆ ಬಾಯಿ ತೆರೆದ.
ಮಾರನೇ ರಾತ್ರಿ ಮತ್ತೆ ಹೋದೆ.
ಹೊಲದ ತೆನೆ ಮುರಿದವರನ್ನು ಎಲ್ಲಿಗೆ ಒಯ್ಯುತ್ತಿದ್ದರು,
ನಿಮಗೂ ಗೊತ್ತು. ಆ ವರ್ಷ ನಿಮ್ಮ ಬಹುಮಾನ ಹೋದದ್ದು
ನನಗೂ ಗೊತ್ತು.

ಟ್ರೋಫಿಮ್ ಈಗ ಗೋಣಿ ಕಾರ್ಖಾನೆಯಲ್ಲಿ ಮಗ್ಗ ರಿಪೇರಿ ಮಾಡುತ್ತಾನೆ.
ಹೊಟ್ಟೆ ಇನ್ನೂ ತಂಬೂರಿ, ಬಿಯರಿನದು.

ಕೇಳಬೇಕೆಂದಿದ್ದದ್ದು ಇಷ್ಟೇ, ಗ್ಲೆಬ್ ಸವೇಲ್ಯೆವಿಚ್:
ಅಷ್ಟು ದಪ್ಪ ಭೂತಗನ್ನಡಿಯಲ್ಲಿ
ಉಗುರಿನ ಗುರುತು
ಕಾಣಲಿಲ್ಲವೇ?

ಬೇಡ, ಹೇಳಬೇಡಿ. ಚಹಾ ಉಕ್ಕುತ್ತಿದೆ.
ಈ ತಟ್ಟೆ ಇತ್ತ ಎಳೆದುಕೊಳ್ಳಿ.
ಹಿತ್ತಲಲ್ಲಿ ನಾಲ್ಕು ಗಿಡ ಇಟ್ಟುಕೊಂಡಿದ್ದೇನೆ,
ನಾರಿಗಲ್ಲ.
ಖಾರ ಹೆಚ್ಚಾದರೆ ರೊಟ್ಟಿ ಮುರಿದುಕೊಳ್ಳಿ.