ಎಡಗೈಯಲ್ಲಿ ಅಸ್ಥಿಪಂಜರ

ಬಲಗೈ ಮಣಿಕಟ್ಟಿಗೆ ಬಿದಿರಿನ ದಬ್ಬೆ,
ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ, ಹಳೇ ಪಂಚೆಯ ಸುತ್ತು.
ಉಳಿದದ್ದು ಎಡಗೈ.
ಇಷ್ಟು ವರ್ಷ ಬರೀ ಜೊತೆಗಾರ್ತಿಯಾಗಿದ್ದದ್ದು
ಈಗ ಕೀಲಿಮಣೆಯ ಮೇಲೆ ಕೊಮಾ ಎಲ್ಲಿ ಎಂದು
ಕರೆಂಟು ಹೋದ ಮನೆಯಲ್ಲಿ ಬೆಂಕಿಪೊಟ್ಟಣ ಹುಡುಕಿದಂತೆ ಹುಡುಕುತ್ತದೆ.

ಹೊಳೆನರಸೀಪುರ, ಕೋಟೆ ಬೀದಿ,
ದಸ್ತಗೀರ್ ಸಾಬರ ಪಡಸಾಲೆ.
ದುಡ್ಡು ಮುಟ್ಟುವುದಿಲ್ಲ ಅವರು, ಅಪ್ಪನಿಗೆ ಕೊಟ್ಟ ಮಾತಂತೆ.
"ಹಾಸನದಲ್ಲಿ ಪಾಲಿಟೆಕ್ನಿಕ್ ಮೇಡಮ್ಮು ನೀನು.
ಬೆಳಿಗ್ಗೆ ಆರಕ್ಕೇ ಬಾಗಿಲಲ್ಲಿ ಜಗಳ,
ಯಾರು ಮೊದಲು, ಯಾರದು ಎರಡನೇ ಕಟ್ಟು.
ಅದಕ್ಕೇನಾದ್ರೂ ಮಾಡಿಕೊಡು, ಲೆಕ್ಕ ಚುಕ್ತಾ."

ಸೊಸೆ ತಸ್ನೀಮ್ ಹಾಟ್‌ಸ್ಪಾಟ್ ಹಾಕಿ
ಫೋನನ್ನು ಕಿಟಕಿಯ ಸರಳಿಗೆ ಒರಗಿಸಿದಳು.

ಖಾಲಿಯಿಂದ ಯಾರೂ ಶುರುಮಾಡುವುದಿಲ್ಲ ಈಗ.
ಫ್ರೇಮ್‌ವರ್ಕಿನವರೇ ಒಂದು ಕೊಡುತ್ತಾರೆ,
ಏನೂ ಮಾಡದ, ಆದರೆ ನಿಂತುಕೊಳ್ಳುವ ಆಪ್.
ಅದರ ಹೆಸರು ಓದಿ ಹೇಳಿದೆ: ಅಸ್ಥಿಪಂಜರ.

ಸಾಬರು ಎಣ್ಣೆಗೈ ಒರೆಸಿಕೊಂಡು ಬಂದರು.
"ಎಷ್ಟು ಮೂಳೆ?"
ಕಡತಗಳು ಇಳಿಯುತ್ತಲೇ ಇದ್ದವು.
"ಸಾವಿರದ ನಾನೂರು, ಚಿಲ್ಲರೆ."
"ನಮಗೆ ಇನ್ನೂರಾರು. ಅಷ್ಟಕ್ಕೇ ಈ ಗೋಳು."

ಇಂಗ್ಲಿಷಿನಲ್ಲಿ ಸ್ವಾಗತದ ಪುಟ ಬಂತು, ಅಭಿನಂದನೆ ಹೇಳಿತು.
ಅದನ್ನು ಅಳಿಸಿ
ನನ್ನದೊಂದು ಮಾಡ್ಯೂಲು ಸೇರಿಸಿದೆ, ಹೆಸರು 'ಚೀಟಿ'.
ಕೆಂಪಕ್ಷರ: ಚೀಟಿ ಸಿಕ್ಕಲಿಲ್ಲ.
ಇದೆಯಲ್ಲ! ಫೋಲ್ಡರಿನಲ್ಲಿ ಕಾಲು ಚಾಚಿ ಕೂತಿದೆಯಲ್ಲ!
ಒಂದು ಗಂಟೆ. ಎರಡು.
ಮೈಸೂರು ಪ್ಯಾಸೆಂಜರು ಕೂಗಿ ಹೋಯಿತು.
ಪೇರಲೆ ಮರದಿಂದ ಬಿದ್ದ ಹುಡುಗ ಒಮ್ಮೆ ಕಿರುಚಿ,
ಸುಮ್ಮನಾಗಿ, ಬಾಳೆಹಣ್ಣು ತಿಂದ.

ಸಾಬರು ಪರದೆ ನೋಡಲಿಲ್ಲ, ನನ್ನ ಮುಖ ನೋಡಿದರು.
"ಮೂಳೆ ಹುಡುಕಬೇಡ, ಅದು ಎಲ್ಲೂ ಹೋಗಲ್ಲ.
ಕೀಲು ನೋಡು."

ಮಾಡ್ಯೂಲುಗಳ ಹಾಜರಿ ಪಟ್ಟಿ ತೆರೆದೆ.
ಎಲ್ಲರ ಹೆಸರೂ ಇತ್ತು, ಚೀಟಿಯದಿಲ್ಲ.
ಹೆತ್ತಿದ್ದೆ, ಶಾಲೆಗೆ ಸೇರಿಸಿರಲಿಲ್ಲ.
ಎಡಗೈ ಒಂದೊಂದೇ ಅಕ್ಷರ ಒತ್ತಿತು. ಕೊನೆಗೆ ಕೊಮಾ.

ಫಾರಮ್ಮು ತೆರೆಯಿತು: ಹೆಸರು, ಊರು, ಯಾವ ಅಂಗ.
ಹೇಗಾಯಿತು? ಅದಕ್ಕೊಂದು ಪಟ್ಟಿ:
ಸ್ಕೂಟರು, ತೆಂಗಿನ ಮರ, ಬಚ್ಚಲು, ಹಸು ಒದ್ದದ್ದು.
ತಸ್ನೀಮ್ ಬಗ್ಗಿ ನೋಡಿ, ಮೆಲ್ಲಗೆ,
"ಹೇಳೋಕಾಗದವರು ಬರ್ತಾರೆ, ಮೇಡಂ.
ಸೆರಗಲ್ಲಿ ಕೈ ಮುಚ್ಚಿಕೊಂಡು."

'ಕಡ್ಡಾಯ' ಎಂದಿದ್ದ ಸಾಲನ್ನು ಹುಡುಕಿ ತೆಗೆದೆ.
ಖಾಲಿ ಬಿಟ್ಟರೂ ಚೀಟಿ ಹರಿಯುತ್ತದೆ.
ಇಡೀ ದಿನದಲ್ಲಿ ಸರಿಯಾಗಿ ಮಾಡಿದ್ದು ಅದೊಂದೇ ಏನೋ.

ಚೀಟಿ ನಂಬರ್ ಒಂದು, ನನ್ನದೇ. ಬಲ ಮಣಿಕಟ್ಟು, ಎರಡನೇ ಕಟ್ಟು.

"ಇದು ಈ ಪೆಟ್ಟಿಗೆಯೊಳಗೆ ಮಾತ್ರ ಓಡ್ತಿದೆ, ಸಾಬರೇ,
ಹೊರಗಿನವರಿಗೆ ಇನ್ನೂ ಕಾಣಲ್ಲ."
"ಮನೆಯೊಳಗೇ ಓಡಾಡಲಿ. ಮೂರು ವಾರ ಬೀದಿಗೆ ಬೇಡ,"
ಎಂದು ಗಂಟು ಬಿಗಿದರು.
ಕೈಗೆ ಹೇಳಿದರೋ, ಅದಕ್ಕೋ ಕೇಳಲಿಲ್ಲ.
ಬಾಗಿಲಲ್ಲಿ ಆಗಲೇ ಇಬ್ಬರು,
ನಾನು ಮೊದಲು, ನಾನು ಮೊದಲು.