ಜೇಬು

ಭಾನುವಾರದ ಮ್ಯಾಟ್ನಿಗೆ ಕರೆದೊಯ್ದದ್ದು
ಸಿನಿಮಾದ ಆಸೆಗಲ್ಲ, ಏಸಿಯ ಆಸೆಗೆ.
ಏಪ್ರಿಲ್ಲಿನ ಬಳ್ಳಾರಿ. ಗುಡ್ಡದ ಕಲ್ಲು
ರಾತ್ರಿ ಹತ್ತಕ್ಕೂ ಕೈ ಸುಡುತ್ತದೆ.
ಕೌಲ್ ಬಜಾರಿನ ನಮ್ಮ ತಗಡಿನ ಕೆಳಗೆ
ಮಷೀನಿನ ಎಣ್ಣೆ ತಾನೇ ತೆಳ್ಳಗಾಗಿ ಬಟ್ಟೆಗಿಳಿಯುತ್ತದೆ.

ಕಾರ್ಟೂನು ಸಿನಿಮಾ. ಒಬ್ಬ ಹುಡುಗ, ಒಂದು ರೋಬೋಟು.
ಗುಜರಿಯಲ್ಲಿ ಸಿಕ್ಕದ್ದು. ಒಂದು ಕಣ್ಣು ಮಿಣುಕು,
ಕುಂಟಿದರೆ ಮೊಳಕಾಲು ಕಿರ್ರೆನ್ನುವುದು.
ಹುಡುಗ ಅದಕ್ಕೊಂದು ಹಸಿರು ಗೋಲಿ ಕೊಟ್ಟ.
ಇಟ್ಕೋ, ಅಂದ.
ಅಲ್ಲಿಂದ ಮುಂದೆ ಟಾಕೀಸೆಲ್ಲ ನಗು, ಚಪ್ಪಾಳೆ.
ನನ್ನ ತುಳಜಾ ಮಾತ್ರ ಸೀಟಿನ ತುದಿಗೆ ಬಂದು ಕೂತಳು.

"ಅಪ್ಪಾ, ಅದು ಗೋಲಿ ಎಲ್ಲಿಟ್ಕೊಂತೈತೆ?"
ಕೈಯಾಗೆ.
"ಮರ ಹತ್ತಿದ್ರೆ?"
ಕೈಯಾಗೆ.
"ಸೈಕಲ್ ಹಿಡಿದ್ರೆ?"
ಸುಮ್ನೆ ನೋಡಬಾರ್ದಾ?

ಕಡೆಗೆ ಸೇತುವೆ ಮುರಿದು
ರೋಬೋಟು ಒಂದೇ ಕೈಯಲ್ಲಿ ಜೋತುಬಿತ್ತು.
ಇನ್ನೊಂದು ಕೈ ಮುಷ್ಟಿ.
ಬಿಡು, ಗೋಲಿ ಬಿಡು ಎಂದು ಮಕ್ಕಳೆಲ್ಲ ಕೂಗಿದವು,
ಹಿಂದಿನ ಸಾಲಿನ ಅಜ್ಜಿ ತೆಲುಗಿನಲ್ಲಿ ದೇವರನ್ನು ಕರೆದಳು.
ಬಿಡಲಿಲ್ಲ ಅದು.
ಹೇಗೋ ಉಳಿಸಿದರು ಅನ್ನಿ,
ಮಕ್ಕಳ ಸಿನಿಮಾ, ಉಳಿಸಲೇಬೇಕು.
ದೀಪ ಹತ್ತಿತು. ಎಲ್ಲರೂ ಕಣ್ಣೊರೆಸಿಕೊಂಡರು.
ಇವಳಿಗೆ ಸಿಟ್ಟು.
"ಅಷ್ಟು ಮಂದಿ ಇದ್ರು ಆ ಊರಾಗೆ.
ಒಬ್ರೂ ಅದಕ್ಕೊಂದು ಚೊಣ್ಣ ಹೊಲಿದು ಕೊಡ್ಲಿಲ್ಲ."

ನಾನೇನು ಹೇಳಲಿ.
ಹನ್ನೊಂದು ವರ್ಷದಿಂದ ನಾನು ಹೊಲಿಯುವುದು ಜೇಬು.
ಬರೀ ಜೇಬು.
ಕಾಲು ರಫೀಕನದು, ಸೊಂಟಪಟ್ಟಿ ಹುಲುಗಪ್ಪನದು,
ಕಾಜಾ ಖಮರುನ್ನಿಸಾ ಅಕ್ಕನದು, ಜಿಪ್ಪು ಬೇರೆ ಓಣಿಯಲ್ಲಿ.
ಹೊಸದನ್ನು ಕಲ್ಲಲ್ಲಿ ಉಜ್ಜಿ, ನೀಲಿ ನೀರು ಚರಂಡಿಗೆ ಬಿಟ್ಟು
ಹಳೆಯದು ಮಾಡುವವರು ಮತ್ತೂ ಬೇರೆ.
ದಿನಕ್ಕೆ ಇನ್ನೂರು ಜೇಬು.
ಯಾರ ಚಿಲ್ಲರೆ, ಯಾರ ಬೀಗದ ಕೈ,
ಯಾರ ಮಡಚಿದ ಚೀಟಿ ಅದರೊಳಗೆ ಬೀಳುತ್ತದೋ.
ನಾನುಟ್ಟದ್ದು ಲುಂಗಿ.

ರಾತ್ರಿ ಕರೆಂಟು ಬಂದ ಮೇಲೆ
ಟೇಪು ಹಿಡಿದು ಬಂದು ನಿಂತಳು.
ಅಳತೆ?
"ಹುಡುಗನ ಎದೆಮಟ ಇತ್ತು. ಹುಡುಗ ನನ್ನಷ್ಟು."
ಸೊಂಟ?
"ಡಬರಿಯಷ್ಟು."
ಅಡುಗೆಮನೆಯಿಂದ ಡಬರಿಯೇ ಬಂತು.
ಸುತ್ತಳತೆ ಇಪ್ಪತ್ತೆಂಟು!
ನಮ್ಮಲ್ಲಿ ಅದೇ ಹೆಚ್ಚು ಓಡುವ ಸೈಜು.

ಚಿಂದಿಯ ಮೂಟೆ ಬಿಚ್ಚಿ ತುಂಡಿಗೆ ತುಂಡು ಕೂಡಿಸಿದೆ.
ಇಡೀ ಪ್ಯಾಂಟು ಹೊಲಿದವನಲ್ಲ ನಾನು.
ನಾಲ್ಕು ಸಲ ಬಿಚ್ಚಿದೆ. ಎಡಗಾಲು ಗಿಡ್ಡವಾಯಿತು.
"ಇರ್ಲಿ, ಅದೂ ಕುಂಟುತೈತೆ" ಅಂದಳು.
ಜೇಬಿಗೆ ಬಂದಾಗ ಮಾತ್ರ
ಕೈ ನನ್ನನ್ನು ಕೇಳದೆ ಓಡಿತು.
ಜೋಡಿ ಹೊಲಿಗೆ, ಮೂಲೆಗೆ ತಾಮ್ರದ ಮೊಳೆ.
ಅವಳು ಒಳಗೆ ಕೈಯಿಟ್ಟಳು, ತಳ ಮುಟ್ಟಿದಳು,
ಬಹಳ ಹೊತ್ತು ಹೊರಗೆ ತೆಗೆಯಲೇ ಇಲ್ಲ.

ಈಗ ಅದು ಮಷೀನಿನ ಪಕ್ಕದ ಮೊಳೆಗೆ ತೂಗುತ್ತದೆ.
ಮೊನ್ನೆ ಲೆಕ್ಕಕ್ಕೆ ಬಂದ ಸೇಠು ಕೇಳಿದ,
ಇದ್ಯಾರ ಸ್ಯಾಂಪಲ್ಲು, ಒಂದು ಕಾಲು ಗಿಡ್ಡ?
ಗಿರಾಕಿ ಬರ್ತಾನೆ, ಅಂದೆ.
ಅವನು ಎಂದಿನ ರೂಢಿಯಂತೆ
ಜೇಬಿಗೆ ಎರಡು ಬೆರಳು ಹಾಕಿ ಜಗ್ಗಿ ನೋಡಿದ.
ಬಿಡಲಿಲ್ಲ ಅದು.