ಬಾಗಿಲ ಸಂದು

ಮುಚ್ಚಿಹೋದ ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಜಾಗದಲ್ಲಿ
ಬಿಳಿ ಡೇರೆ, ಬಲೂನು, ಪುಕ್ಕಟೆ ತಣ್ಣನೆ ಚಹಾ.
ನಟ್ಟನಡುವೆ ಕಿತ್ತಳೆ ಬಣ್ಣದ ಅದು:
ಮುಂದೆ ಎರಡು ಗಾಲಿ, ಹಿಂದೆ ಒಂದೇ ಒಂದು,
ಕೆಸರಲ್ಲಿ ಕೊಕ್ಕೂರಿದ ಬಾತುಕೋಳಿಯ ಹಾಗೆ.
ಮುಟ್ಟಬಾರದು ಎಂದು ಫಲಕ.
ಮುಟ್ಟಿದೆ.

ರೆಡ್ ರಿವರ್ ಆಚೆಯ ಟ್ರಕ್ಕು ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ಬಾಗಿಲು ಕೂರಿಸಿದವಳು ನಾನು,
ಅರ್ಜೀಲಿಯಾ ಬ್ರೂಸಾರ್.
ಕಣ್ಣು ಬಿಟ್ಟದ್ದನ್ನು ಹೆಬ್ಬೆರಳು ಬಿಡುವುದಿಲ್ಲ.
ಸಂದಿನುದ್ದಕ್ಕೂ ಮೆಲ್ಲಗೆ ಸವರಿದೆ:
ಮೇಲೆ ಮೂರು ಮಿಲಿಮೀಟರ್, ಕೆಳಗೆ ಐದು.
ಬಣ್ಣ ಹೊಳೆಯುತ್ತಿತ್ತು. ಬಾಗಿಲು ತೊದಲುತ್ತಿತ್ತು.

ಬಂದದ್ದು ತಮ್ಮ ಕ್ಲೀಟಸ್ ಎಳೆದು ತಂದನೆಂದು.
ಅವನ ಜೇಬಿನಲ್ಲಿ, ಮಡಚಿ ಮಡಚಿ ಬಟ್ಟೆಯಷ್ಟು ಮೆತ್ತಗಾದ ಚೀಟಿ,
ಸರದಿ ಸಂಖ್ಯೆ ಒಂಬತ್ತು ಸಾವಿರದ ಇನ್ನೂರ ಹನ್ನೊಂದು.
ಸಾವಿರ ಡಾಲರ್ ಮುಂಗಡ; ಮರಳಿ ಕೇಳುವಂತಿಲ್ಲ.
'ಕಾರಿಗೆ ಏಳೇ ಸಾವಿರ, ಅಕ್ಕ,
ಗ್ಯಾಲನ್ನಿಗೆ ತೊಂಬತ್ತು ಮೈಲಿ!
ಉಳಿದ ಪೆಟ್ರೋಲಿನ ದುಡ್ಡೇ ಕಂತು ಕಟ್ಟುತ್ತದೆ.'
ಕೂಸು ಹುಟ್ಟಿಲ್ಲ, ಕುಲಾವಿಯ ಬಣ್ಣಕ್ಕೆ ಜಗಳ:
ಅವನಿಗೆ ನೀಲಿಯಂತೆ, ಹೆಂಡತಿ ಡೆಲ್ಫೀನಳಿಗೆ ಹಳದಿಯಂತೆ.

ಬರುವ ಬೇಸಿಗೆಗೆ ಕೈಗೆ, ಎಂದಿದ್ದರು.
ಆ ಬೇಸಿಗೆಗೆ ಅವನು ಗ್ಯಾರೇಜು ಗುಡಿಸಿದ, ಪಿಕಪ್ಪು ಮಾರಿದ.
ಮರುವರ್ಷ: ಎಂಜಿನ್ನು ಸಿದ್ಧ, ಹಣವೊಂದು ಬರಬೇಕು.
ಅದರ ಮರುವರ್ಷ: ಹಣ ಬರುವ ಹಾಗಿದೆ, ಎಂಜಿನ್ನು ಬದಲಾಗುತ್ತಿದೆ.
ನಾಲ್ಕನೆಯ ವರ್ಷ ಕಾರು ಬರಲಿಲ್ಲ.
ಅಂಚೆಯಲ್ಲಿ ಟೋಪಿ ಬಂತು.
ಬೇರೆ ಯಾರೂ ಹಾಕಬೇಕಾಗಲಿಲ್ಲ,
ಅವನೇ ಹಾಕಿಕೊಂಡ.

ನಮ್ಮ ಕಡೆಯ ರಸ್ತೆ ನನಗೆ ಗೊತ್ತು.
ಗುಂಡಿ ಕಂಡರೆ ಗಾಲಿಗಳ ನಡುವೆ ಬಿಟ್ಟುಕೊಂಡು ದಾಟುತ್ತೇವೆ,
ಸತ್ತ ಆರ್ಮಡಿಲ್ಲೊ, ಲಾರಿಯಿಂದ ಕಳಚಿದ ರಬ್ಬರು, ಎಲ್ಲವನ್ನೂ.
ಈ ಗಾಡಿಗೆ ನಡು ಎಂಬುದೇ ಇಲ್ಲ.
ಮುಂದಿನ ಎರಡು ನಯವಾಗಿ ತಪ್ಪಿಸಿಕೊಂಡದ್ದರಲ್ಲೆಲ್ಲ
ಹಿಂದಿನ ಒಂದು ಬೀಳಲೇಬೇಕು.
ಕಾರ್ಖಾನೆ ಮುಚ್ಚಿದಾಗ ಮೇಲಿನವರು ತಪ್ಪಿಸಿಕೊಂಡರು,
ಬ್ಯಾಂಕೂ ತಪ್ಪಿಸಿಕೊಂಡಿತು.
ಹಿಂದೆ ಬರುತ್ತಿದ್ದವನು ಕ್ಲೀಟಸ್.

ಟೈ ಕಟ್ಟಿದ ಹುಡುಗ ಓಡಿ ಬಂದ.
'ಕೆಳಗಿನ ಕೀಲು ಸಡಿಲ,' ಎಂದೆ,
'ಎರಡು ಸಲ ರಪ್ಪೆಂದು ಹಾಕು, ಮೂರನೆಯ ಸಲ ಕೈಗೇ ಬರುತ್ತದೆ.'
ಅವನು ನಕ್ಕ. ಒಳ್ಳೆಯ ಹಲ್ಲು, ಒಳ್ಳೆಯ ಮನೆಯ ಹುಡುಗ.
'ನೀವು ನಮ್ಮಲ್ಲೇ ಕೆಲಸ ಮಾಡ್ತೀರಾ, ಅಮ್ಮ?'

'ಇನ್ನೂ ಇಲ್ಲ.'

ಅಂದವಳು ನಾನೇ.
ನಾಲಿಗೆ ಕಚ್ಚಿಕೊಂಡೆ. ಹೆಬ್ಬೆರಳು ಬಾಗಿಲ ಮೇಲೇ ಇತ್ತು,
ಪಾಳಿ ಇನ್ನೂ ಮುಗಿದಿಲ್ಲವೆಂಬಂತೆ.

ಮನೆಗೆ ಹೊರಟಾಗ ನನ್ನ ಹಳೆಯ ಕಾರಿನಲ್ಲಿ
ಮೈಲಿಯಷ್ಟು ದೂರ ಸುಮ್ಮನಿದ್ದ ಅವನು ಹೇಳಿದ:
'ಎಂಜಿನ್ನು ಎರವಲಿನದು. ಯಾವುದೋ ಪುಟ್ಟ ಜಪಾನಿ ಕಾರಿನದು.
ಬಗ್ಗಿ ನೋಡಿದೆ. ಬೋಲ್ಟುಗಳ ಮೇಲೆ ಹಳೆ ತುಕ್ಕು.'
ಹದಿನೇಳು ವರ್ಷ ವೆಲ್ಡಿಂಗ್ ಮಾಡಿದವನು. ದಡ್ಡನಲ್ಲ.
'ಯಾವಾಗ ನೋಡಿದೆ?'
'ಮೊದಲ ವರ್ಷವೇ.'

ಕಾರ್ಖಾನೆಯ ಬೇಲಿ ಬಂತು. ಗೇಟಿನ ಬೀಗ,
ನಮ್ಮಿಬ್ಬರ ಕಾರು ನಿಲ್ಲುತ್ತಿದ್ದ ಕಡೆ ಸೊಂಟದೆತ್ತರ ಹುಲ್ಲು.
ಅವನು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ,
ಮತ್ತೆ ಹಾಕಿಕೊಂಡ.
'ಇನ್ನೂ ಇಲ್ಲ ಅಂದೆಯಲ್ಲ ಅಕ್ಕ,' ಎಂದ. 'ಕೇಳಿಸಿತು.'

ಮುಂದೆ ಗುಂಡಿ ಇತ್ತು.
ನಡುವೆ ಬಿಟ್ಟುಕೊಂಡು ದಾಟಿಸಿದೆ.